ನಮ್ಮ ಜಿಲ್ಲೆಯ ಹೆಮ್ಮೆಯ ಚಿತ್ರಕಲಾವಿದ ಎಸ್.ಎಂ. ಪಂಡಿತ್

ಬೆಳೆ ಸಾಲ, ಠೇವಣಿ, ಷೇರು ಬಂಡವಾಳದ ವಿವರಗಳಿರುವ ನಮ್ಮ ಸಂಘದ ಈ ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಒಬ್ಬ ಚಿತ್ರಗಾರರ ಜೀವನ ಯಾಕೆ ಅಂತ ಸದಸ್ಯ ಬಾಂಧವರಿಗೆ ಅನ್ನಿಸಬಹುದು. ಕಾರಣ ನಮ್ಮ ಮನೆಯ ಜಗಲಿ ಮೇಲೇ ಇತ್ತು. ಕಮಲಾಪುರದ ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ರಾಧಾಕೃಷ್ಣರ ಚಿತ್ರವಿತ್ತು. ವರ್ಷ ಮುಗಿದ ಮೇಲೆ ನಮ್ಮ ಆಯಿ ತಾರೀಖಿನ ಹಾಳೆ ಹರಿದು, ಚಿತ್ರಕ್ಕೆ ಗಾಜಿನ ಕಟ್ಟು ಹಾಕಿಸಿ, ದಿನಾ ಕುಂಕುಮ ಹಚ್ಚುತ್ತಿದ್ದಳು. ಕಟ್ಟು ಹಾಕಿದವನು ಅಂಚು ಸರಿಮಾಡುವಾಗ ಕೆಳಗಿನ ಸಹಿಯನ್ನು ಕತ್ತರಿಸಿಬಿಟ್ಟಿದ್ದ. ಮುಂದೆ ಬೀಗರ ಮನೆಯಲ್ಲಿ ಅದೇ ಚಿತ್ರವನ್ನು ಸಹಿ ಸಮೇತ ಕಂಡಾಗಲೇ ಗೊತ್ತಾಯಿತು, ನಾವು ಕೈಮುಗಿಯುತ್ತಿದ್ದ ದೇವರನ್ನು ಬರೆದವರು ನಮ್ಮ ಕಲಬುರಗಿಯವರೇ ಅಂತ!

ಸಾಂಬಾನಂದ ಮೋನಪ್ಪ ಪಂಡಿತ್ ಅವರು 1916ರ ಮಾರ್ಚ್ 25ರಂದು ಕಲಬುರಗಿಯಲ್ಲಿ ಜನಿಸಿದರು. ಆಗ ಅದು ನಿಜಾಮರ ರಾಜ್ಯದ ಗುಲ್ಬರ್ಗಾ. ವಿಶ್ವಕರ್ಮ ಮನೆತನ, ಕೈಕೆಲಸ ಹುಟ್ಟಿನಿಂದಲೇ ಬಂದದ್ದು. ಮದ್ರಾಸಿನ ಕಲಾ ಪರೀಕ್ಷೆ ಮುಗಿಸಿ ಮುಂಬಯಿಗೆ ಹೋದರು. ಅಲ್ಲಿ ಕನ್ನಡಿಗರೇ ಆದ ದಂಡಾವತಿಮಠ ಗುರುಗಳ ನೂತನ ಕಲಾ ಮಂದಿರದಲ್ಲಿ, ಆಮೇಲೆ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು. ಹೊಟ್ಟೆಪಾಡಿಗೆ ಸಿನಿಮಾ ಕೆಲಸ ಹಿಡಿದರು. ಮೆಟ್ರೋ ಚಿತ್ರಮಂದಿರಕ್ಕೆ ಇಂಗ್ಲಿಷ್ ಚಿತ್ರಗಳ ಷೋಕಾರ್ಡು, ಬಾಬುರಾವ್ ಪಟೇಲರ ಫಿಲ್ಮ್ ಇಂಡಿಯಾ ಪತ್ರಿಕೆಗೆ ಮುಖಪುಟ, ಹಿಂದಿ ಚಿತ್ರಗಳ ಪೋಸ್ಟರು, ಆಮೇಲೆ ಕ್ಯಾಲೆಂಡರು. ಮುಂಬಯಿಯಲ್ಲಿ ದೊಡ್ಡ ಹೆಸರಾಯಿತು.

ಆದರೆ ನಾನು ಹೇಳಬೇಕಾದದ್ದು ಅವರ ತೈಲಚಿತ್ರಗಳ ವಿಷಯ. ನಳ ದಮಯಂತಿ, ವಿಶ್ವಾಮಿತ್ರ ಮೇನಕೆ, ರಾಧಾಕೃಷ್ಣ, ಇವೆಲ್ಲ ನಮ್ಮ ಮಂದಿಗೆ ಪುಸ್ತಕದಿಂದ ಬಂದವಲ್ಲ. ಶ್ರಾವಣದ ಪುರಾಣದಾಗ, ದೊಡ್ಡಾಟದಾಗ, ಬೀಸುಕಲ್ಲಿನ ಮುಂದೆ ಕುಂತ ಹೆಣ್ಣುಮಕ್ಕಳ ಹಾಡಿನಾಗ ಕೇಳಿದ ಕಥೆಗಳು. ಕಥೆ ರಾತ್ರಿಯಿಡೀ ನಡೆಯುತ್ತದೆ. ಚಿತ್ರಗಾರನಿಗೆ ಸಿಗುವುದು ಒಂದೇ ಗಳಿಗೆ. ಯಾವ ಗಳಿಗೆ ಹಿಡಿದರೆ ಹಿಂದಿನದೂ ಮುಂದಿನದೂ ನೋಡುವವರಿಗೆ ನೆನಪಾಗುತ್ತದೆ ಎಂಬುದನ್ನು ಆರಿಸುವುದೇ ಅರ್ಧ ಕೆಲಸ. ಪಂಡಿತರಿಗೆ ಅದು ಗೊತ್ತಿತ್ತು. ದೇವರಿಗೂ ಎಲುಬು, ಮಾಂಸ, ತೋಳಿನ ಬಿಗುವು ಕೊಟ್ಟರು. ಜೀವಂತ ಮನುಷ್ಯರನ್ನು ಎದುರಿಗೆ ನಿಲ್ಲಿಸಿಕೊಂಡು ಬರೆಯುವ ಕಲಾಶಾಲೆಯ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು. ಬೆಳಕನ್ನು ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆ ನೆರಳಿಗೆ ಬಿಡುವುದು ಸಿನಿಮಾದವರಿಗೂ ಬೇಕಾದ ವಿದ್ಯೆಯೇ.

ತೈಲವರ್ಣ ಅಂದರೆ ಬೇರೇನಲ್ಲ, ಬಣ್ಣದ ಪುಡಿಯನ್ನು ಅಗಸಿ ಎಣ್ಣೆಯಲ್ಲಿ ಅರೆದದ್ದು. ಹೌದು, ನಾವು ರೊಟ್ಟಿ ಜೊತೆ ಹಿಂಡಿ ಮಾಡಿ ತಿನ್ನುವ ಅದೇ ಅಗಸಿ! ಈ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯನ್ನು ಹೀರಿಕೊಂಡು ನಿಧಾನ ಗಟ್ಟಿಯಾಗುತ್ತದೆ. ಮೊದಲು ಟರ್ಪೆಂಟೈನ್ ಬೆರೆಸಿದ ತೆಳು ಬಣ್ಣದಲ್ಲಿ ಆಕಾರ, ನೆರಳು ಕೂಡಿಸಬೇಕು. ಅದು ಆರಿದ ಮೇಲೆ ಎಣ್ಣೆ ಹೆಚ್ಚಿರುವ ಪದರ. ಕ್ರಮ ತಪ್ಪಿ ಕೆಳಗೆ ಎಣ್ಣೆ ಜಾಸ್ತಿಯಾದರೆ ಮೇಲಿನದು ಬಿರುಕು ಬಿಡುತ್ತದೆ, ಬ್ಯಾಸಗಿಯ ಎರಿ ಹೊಲದ ಹಾಗೆ. ಮೈಬಣ್ಣ, ಪಾರದರ್ಶಕ ಸೆರಗು, ಒಡವೆಯ ಹೊಳಪು, ಇವು ಕೊನೆಗೆ, ಪದರದ ಮೇಲೆ ಪದರವಾಗಿ ಬರುತ್ತವೆ. ಷೋಕಾರ್ಡಿಗೆ ನೀರಿನಲ್ಲಿ ಕಲಸುವ ಬೇಗ ಆರುವ ಬಣ್ಣ ಸಾಕು. ತೈಲಚಿತ್ರಕ್ಕೆ ವಾರಗಟ್ಟಲೆ ಕಾಯುವ ತಾಳ್ಮೆ ಬೇಕು. ಬಿತ್ತಿ ಕಾಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವರದು ಬರೀ ಕ್ಯಾಲೆಂಡರ್ ಕಲೆ ಎಂದು ಮೂಗು ಮುರಿದ ವಿದ್ವಾಂಸರು ಇದ್ದರು. ರಾಜಾ ರವಿವರ್ಮರಿಗೂ ಆ ಮಾತು ತಪ್ಪಲಿಲ್ಲ. ನನಗೆ ತಿಳಿದಮಟ್ಟಿಗೆ, ಹತ್ತು ರೂಪಾಯಿ ಕೊಟ್ಟು ಚಿತ್ರ ಕೊಳ್ಳಲಾಗದ ಮನೆಗೂ ಚಿತ್ರ ತಲುಪಿಸಿದವರನ್ನು ಸಣ್ಣವರೆನ್ನುವುದು ನ್ಯಾಯವಲ್ಲ. ಆದರೂ ಒಂದು ಮಾತು ಒಪ್ಪಬೇಕು: ಅಚ್ಚಿನಲ್ಲಿ ಮೂಲದ ಅರ್ಧ ಜೀವವೂ ಉಳಿಯುವುದಿಲ್ಲ. ಕುಂಚದ ಗೀರು, ನೆರಳಿನೊಳಗಿನ ಕೆಂಪು ಇವೆಲ್ಲ ಮುದ್ರಣದಲ್ಲಿ ಮಾಯ.

1978ರಲ್ಲಿ ಲಂಡನ್ನಿನಲ್ಲಿ ಅವರ ಚಿತ್ರ ಪ್ರದರ್ಶನವಾಯಿತು. ಅಷ್ಟು ದೂರ ಹೋಗಿ ಬಂದವರು ಮುಂಬಯಿಯಲ್ಲೇ ಇದ್ದುಬಿಡಬಹುದಿತ್ತು. ಆದರೆ ಬಾಳಿನ ಕೊನೆಯ ಕಾಲವನ್ನು ಹುಟ್ಟೂರಿಗೇ ಕೊಟ್ಟರು. 1993ರ ಮಾರ್ಚ್ 30ರಂದು, 77 ತುಂಬಿ ಐದು ದಿನಕ್ಕೆ ತೀರಿಕೊಂಡರು. ಅವರ ಮೂಲ ಚಿತ್ರಗಳ ಸಂಗ್ರಹಾಲಯ ಕಲಬುರಗಿಯಲ್ಲಿದೆ. ಕಮಲಾಪುರದಿಂದ ಬಸ್ ಹತ್ತಿದರೆ ಹೆಚ್ಚುಕಡಿಮೆ ಒಂದು ತಾಸಿನ ಹಾದಿ. ತೊಗರಿ ಮಾರಲಿಕ್ಕೆ, ದವಾಖಾನೆಗೆ ಅಂತ ಹೋಗುವ ನಮ್ಮವರು ಒಂದು ಸಲ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬೇಕು.

ನಮ್ಮ ಆಯಿ ಈಗಿಲ್ಲ. ಚಿತ್ರ ಜಗಲಿ ಮೇಲೇ ಇದೆ. ಕಳೆದ ಯುಗಾದಿಗೆ ಮನೆ ಸಾರಿಸುವಾಗ ಅದನ್ನು ಇಳಿಸಿ, ಕಟ್ಟಿನ ಹಿಂದಿನ ರಟ್ಟಿನ ಮೇಲೆ ಅವರ ಹೆಸರು, ಊರು ಬರೆದಿಟ್ಟೆ.