ಪ್ಲೇಗ್ ಕ್ಯಾಂಪಿನ ಡಾಕ್ಟರ್ ಪಲ್ಪು

ರಾಜಾಜಿನಗರದ ಪಕ್ಕದ ಮಲ್ಲೇಶ್ವರದಲ್ಲಿ ರಸ್ತೆಗಳು ಗೆರೆ ಎಳೆದಂತೆ ಏಕಿವೆ ಎಂದು ನನಗೆ ಕುತೂಹಲವಿತ್ತು. 1898ರ ಪ್ಲೇಗ್ ಬಂದಾಗ, ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನ ನೆಲೆಸಿದ ಬಡಾವಣೆ ಅದು. ನಮ್ಮ ದಾದಿಮಾ ಈಗಲೂ ಪ್ಲೇಗ್ ಎನ್ನುವುದಿಲ್ಲ, ತಾಊನ್ ಎನ್ನುತ್ತಾರೆ, ಅದೂ ದನಿ ತಗ್ಗಿಸಿ. ಆ ತಾಊನ್ ಕಾಲದಲ್ಲಿ ಬೆಂಗಳೂರಿನ ಕ್ಯಾಂಪುಗಳಲ್ಲಿ ದುಡಿದವರು ಡಾ. ಪಲ್ಪು.

1863ರಲ್ಲಿ ತಿರುವನಂತಪುರದ ಈಳವ ಕುಟುಂಬದಲ್ಲಿ ಹುಟ್ಟಿದರು. ಪರೀಕ್ಷೆಯಲ್ಲಿ ಮುಂದಿದ್ದರೂ ಜಾತಿಯ ಕಾರಣಕ್ಕೆ ತಿರುವಾಂಕೂರಿನಲ್ಲಿ ವೈದ್ಯಕೀಯ ಸೀಟು ಸಿಗಲಿಲ್ಲ. ಮದ್ರಾಸಿನಲ್ಲಿ ಓದಿ ಡಾಕ್ಟರಾದರು. ಆಮೇಲೂ ಊರಿನಲ್ಲಿ ಕೆಲಸ ಸಿಗಲಿಲ್ಲ. ಕೆಲಸ ಕೊಟ್ಟದ್ದು ಮೈಸೂರು ಸರ್ಕಾರ. ಬೆಂಗಳೂರಿನಲ್ಲಿ ಸಿಡುಬಿನ ಲಸಿಕೆ ತಯಾರಿಸುವ ಹೊಣೆ ಹೊತ್ತರು.

1898ರ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಪ್ಲೇಗ್ ಬಂತು. ರೋಗಾಣುವನ್ನು ಕಂಡುಹಿಡಿದು ಆಗ ನಾಲ್ಕೇ ವರ್ಷ. ಅದನ್ನು ನೋಡಲು ಸೂಕ್ಷ್ಮದರ್ಶಕ ಬೇಕು, ಪ್ರಯೋಗಾಲಯದಲ್ಲಿ ಬೆಳೆಸಿ ಖಚಿತಪಡಿಸಲು ದಿನಗಳೇ ಬೇಕು. ಹಾಗಾಗಿ ಜ್ವರ, ಗಡ್ಡೆ ಕಂಡರೆ ಅನುಮಾನದ ಮೇಲೆಯೇ ಜನರನ್ನು ಮನೆಯಿಂದ ಒಯ್ಯುತ್ತಿದ್ದರು. ಅಂತಹ ಕ್ಯಾಂಪುಗಳಲ್ಲಿ ಜೀವದ ಹಂಗು ತೊರೆದು ಪಲ್ಪು ಕೆಲಸ ಮಾಡಿದರು.

ಇಂದು ಆ ಪರೀಕ್ಷೆಯನ್ನೇ ಉಗುರಿನಷ್ಟು ಸಿಲಿಕಾನ್ ಚಿಪ್ ಮೇಲೆ ತರುವ ಪ್ರಯತ್ನ ನಡೆದಿದೆ. ಚಿಪ್ಪಿನ ಮೇಲೆ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ರೋಗಾಣು ಬಂದು ಅದಕ್ಕೆ ಹಿಡಿದುಕೊಂಡರೆ ಕೆಳಗೆ ಹರಿಯುವ ವಿದ್ಯುತ್ ಸ್ವಲ್ಪ ಬದಲಾಗುತ್ತದೆ. ರಕ್ತದಲ್ಲಿರುವ ಉಪ್ಪು ಆ ಸಣ್ಣ ಬದಲಾವಣೆಯನ್ನು ಮರೆಮಾಡುತ್ತದೆ, ಕಷ್ಟ ಇರುವುದು ಅಲ್ಲಿ. ಬೆಲೆಯ ವಿಷಯಕ್ಕೆ ಬಂದರೆ ನಮ್ಮ ಎಕನಾಮಿಕ್ಸ್ ಪಾಠವೇ ಸಾಕು: ಚಿಪ್ ಕಾರ್ಖಾನೆಯ ಸ್ಥಿರ ವೆಚ್ಚ ಭಾರೀ, ಆದರೆ ಲಕ್ಷಗಟ್ಟಲೆ ಮಾಡಿದರೆ ಒಂದೊಂದರ ಪಾಲಿಗೆ ಬೀಳುವುದು ಕಡಿಮೆ. ದುಬಾರಿ ಪರೀಕ್ಷೆಯಿದ್ದರೆ ಬಡವರ ಬೀದಿಯಲ್ಲಿ ಮತ್ತೆ ಅನುಮಾನವೇ ಉಳಿಯುತ್ತದೆ.

ಪಲ್ಪು ಮುಂದೆ ಇಂಗ್ಲೆಂಡಿಗೆ ಹೋಗಿ ಕೇಂಬ್ರಿಡ್ಜಿನಲ್ಲಿ ಸಾರ್ವಜನಿಕ ಆರೋಗ್ಯ ಓದಿ ಬಂದರು. ತಮ್ಮನ್ನು ಹೊರಗಿಟ್ಟ ಊರನ್ನು ಅವರು ಬಿಟ್ಟುಬಿಡಲಿಲ್ಲ. ಪ್ಲೇಗಿಗೆ ಮೊದಲೇ, 1896ರಲ್ಲಿ, ಈಳವರಿಗೆ ಶಾಲೆ ಮತ್ತು ಸರ್ಕಾರಿ ಕೆಲಸ ಕೊಡಬೇಕೆಂದು 13,176 ಜನರ ಸಹಿ ಹಾಕಿಸಿ ಮಹಾರಾಜರಿಗೆ ಮನವಿ ಕೊಟ್ಟಿದ್ದರು. 1903ರಲ್ಲಿ ನಾರಾಯಣ ಗುರುಗಳ ಹೆಸರಿನ ಎಸ್‌ಎನ್‌ಡಿಪಿ ಯೋಗಂ ಕಟ್ಟುವುದರಲ್ಲಿ ಮುಂದೆ ನಿಂತರು. ಕೇರಳ ಅವರನ್ನು ಇದಕ್ಕಾಗಿ ನೆನೆಯುತ್ತದೆ. ಕ್ಯಾಂಪಿನ ಕೆಲಸವನ್ನು ಬೆಂಗಳೂರಿನವರಾದ ನಾವೇ ಮರೆತಿದ್ದೇವೆ.

ಅವರು ತೀರಿಕೊಂಡದ್ದು 1950ರ ಜನವರಿ 25ರಂದು. ಮರುದಿನ ಸಂವಿಧಾನ ಜಾರಿಗೆ ಬಂತು.