ಫ್ರಾನ್ಸಿಸ್ಕೊ ಗೋಯಾ: ಆಸ್ಥಾನದ ಚಿತ್ರಕಾರ, ವಿಕಟರೂಪಗಳ ಸಾಕ್ಷಿ

ಸ್ಪೇನಿನ ಅರಗಾನ್ ಪ್ರಾಂತದ ಪುಟ್ಟ ಹಳ್ಳಿಯೊಂದರಲ್ಲಿ 1746ರಲ್ಲಿ ಜನಿಸಿದ ಫ್ರಾನ್ಸಿಸ್ಕೊ ಗೋಯಾ ಚಿನ್ನದ ಲೇಪನದ ಕುಶಲಕರ್ಮಿಯೊಬ್ಬನ ಮಗ. ಅರಮನೆಯ ಗೋಡೆಗಳನ್ನು ಅಲಂಕರಿಸುವ ನೇಯ್ಗೆಯ ಚಿತ್ರಪಟಗಳಿಗೆ ಮಾದರಿಗಳನ್ನು ರಚಿಸುತ್ತ ಅವನು ಮ್ಯಾಡ್ರಿಡ್ ನಗರದಲ್ಲಿ ನೆಲೆಯೂರಿದ. 1788ರಲ್ಲಿ ರಚಿಸಿದ ಸಂತ ಇಸಿದ್ರೊ ಜಾತ್ರೆಯ ಚಿತ್ರದಲ್ಲಿ ಹೊಳೆಯ ದಡ, ಎಳೆಬಿಸಿಲು, ಬಣ್ಣದ ಕೊಡೆಗಳು, ನಲಿಯುವ ಜನ ಇವೆಲ್ಲ ಇವೆ.

1792-93ರ ತೀವ್ರ ಕಾಯಿಲೆ ಅವನ ಶ್ರವಣಶಕ್ತಿಯನ್ನು ಶಾಶ್ವತವಾಗಿ ಕಸಿದುಕೊಂಡಿತು. ಅವನ ಮುಂದಿನ ವಿಕಟಸೃಷ್ಟಿಗೆಲ್ಲ ಈ ಕಿವುಡುತನವನ್ನೇ ಕಾರಣವಾಗಿ ಹೇಳುವ ರೂಢಿಯಿದೆ. ಫ್ರಾನ್ಸಿನ ಕ್ರಾಂತಿಗೆ ಬೆದರಿದ ಅರಸೊತ್ತಿಗೆ, ಧರ್ಮದ್ರೋಹವನ್ನು ಹುಡುಕಿ ದಂಡಿಸುವ ಇನ್‌ಕ್ವಿಸಿಷನ್ ನ್ಯಾಯಮಂಡಲಿ, ಪುಸ್ತಕಗಳ ಮೇಲಿನ ನಿರ್ಬಂಧ ಇವನ್ನು ಮರೆತಾಗ ಮಾತ್ರ ಈ ವಿವರಣೆ ಸಾಕೆನಿಸುತ್ತದೆ.

1799ರಲ್ಲಿ ಅವನ 'ಕಾಪ್ರಿಚೋಸ್' ಹೊರಬಂದಿತು. 80 ಅಚ್ಚುಚಿತ್ರಗಳ ಈ ಸಂಪುಟ ಮಾರಾಟಕ್ಕಿದ್ದುದು ಸುಗಂಧದ್ರವ್ಯ ಮತ್ತು ಮದ್ಯದ ಅಂಗಡಿಯೊಂದರಲ್ಲಿ. ಇಲ್ಲಿ ಕತ್ತೆಯೊಂದು ಗಂಭೀರವಾಗಿ ಕುಳಿತು ತನ್ನ ವಂಶಾವಳಿಯನ್ನು ತೋರಿಸುತ್ತದೆ, ಪುಟದಲ್ಲಿರುವವೆಲ್ಲ ಕತ್ತೆಗಳೇ. ಇನ್ನೊಂದರಲ್ಲಿ ಬಡ ರೈತರಿಬ್ಬರು ಕತ್ತೆಗಳನ್ನು ಬೆನ್ನ ಮೇಲೆ ಹೊತ್ತು ಬಾಗಿದ್ದಾರೆ. ಮತ್ತೊಂದರಲ್ಲಿ ಸನ್ಯಾಸಿಯ ನಿಲುವಂಗಿ ತೊಡಿಸಿದ ಮರಕ್ಕೆ ಜನ ಮಂಡಿಯೂರಿದ್ದಾರೆ. ಮುಖಗಳನ್ನು ವಿಕಾರಗೊಳಿಸುವುದು ಗೋಯಾನಿಗೆ ವಿನೋದವಾಗಿರಲಿಲ್ಲ. ಹುಟ್ಟು, ಉಡುಪು, ಅಧಿಕಾರ ಇವು ಮರೆಮಾಚಿದ ವಿಕಾರವನ್ನು ಅವನು ಮೈಮೇಲೆ ತಂದು ತೋರಿಸಿದನೆಂಬುದೇ ಸರಿ.

ಮಾರಾಟವಾದದ್ದು 27 ಸಂಪುಟಗಳು. 1803ರಲ್ಲಿ ಅವನು ತಾಮ್ರದ ಫಲಕಗಳನ್ನೂ ಉಳಿದ 240 ಸಂಪುಟಗಳನ್ನೂ ನಾಲ್ಕನೆಯ ಕಾರ್ಲೋಸ್ ದೊರೆಗೆ ಒಪ್ಪಿಸಿ, ಪ್ರತಿಯಾಗಿ ಮಗನಿಗೆ ವೇತನವನ್ನು ಪಡೆದ. ಆಸ್ಥಾನದ ಪ್ರಥಮ ಚಿತ್ರಕಾರನ ಪದವಿ ಅವನಿಗೆ ದೊರೆತದ್ದೂ 1799ರಲ್ಲಿಯೇ. ಅರಸನ ಅನ್ನ ಉಂಡವನೇ ಅರಸೊತ್ತಿಗೆಯ ನೆರಳಿನ ಲೋಕವನ್ನು ಹಾಗೆ ಕಂಡ. ಕಂಡದ್ದನ್ನು ಅರಸನ ಕೈಗೇ ಒಪ್ಪಿಸಿ ಸುರಕ್ಷಿತನಾದ. ಇದನ್ನು ಹೇಡಿತನವೆನ್ನುವುದು ಆತುರದ ತೀರ್ಪಾದೀತು.

1808ರಲ್ಲಿ ನೆಪೋಲಿಯನ್ನನ ಸೇನೆಯ ವಿರುದ್ಧ ಯುದ್ಧ ಭುಗಿಲೆದ್ದಿತು. ಅದರ ಕ್ರೌರ್ಯವನ್ನೂ ಮ್ಯಾಡ್ರಿಡ್‌ನ ಕ್ಷಾಮವನ್ನೂ ಕುರಿತ ಚಿತ್ರಮಾಲೆಯನ್ನು ಅವನು ಪ್ರಕಟಿಸಲೇ ಇಲ್ಲ. ಅದು ಬೆಳಕು ಕಂಡದ್ದು 1863ರಲ್ಲಿ. ಏಳನೆಯ ಫರ್ಡಿನಾಂಡ್ ಮರಳಿ ಬಂದು ಇನ್‌ಕ್ವಿಸಿಷನ್ನನ್ನು ಪುನಃ ಸ್ಥಾಪಿಸಿದ ಬಳಿಕ, 1815ರಲ್ಲಿ, ನಗ್ನಸ್ತ್ರೀಯೊಬ್ಬಳ ಚಿತ್ರಕ್ಕಾಗಿ ಗೋಯಾ ವಿಚಾರಣೆಯ ಕರೆಯನ್ನೂ ಎದುರಿಸಬೇಕಾಯಿತು.

1819ರಲ್ಲಿ ನಗರದ ಹೊರಗೆ ಕೊಂಡ ಮನೆಯ ಗೋಡೆಗಳ ಮೇಲೆ ಅವನು 14 ಚಿತ್ರಗಳನ್ನು ರಚಿಸಿದ. ಯಾರೂ ಬೇಡಿದ ಚಿತ್ರಗಳಲ್ಲ ಅವು. ತನ್ನ ಮಗುವನ್ನೇ ತಿನ್ನುವ ಸ್ಯಾಟರ್ನ್ ದೇವತೆ ಅಲ್ಲಿದ್ದಾನೆ. ಹಳೆಯ ಇಸಿದ್ರೊ ಯಾತ್ರೆಯೂ ಅಲ್ಲಿದೆ. ಆದರೆ ಹೊಳೆ, ಕೊಡೆ, ಬಿಸಿಲುಗಳು ಮಾಯವಾಗಿ, ಬಾಯ್ತೆರೆದ ಮುಖಗಳ ಗುಂಪೊಂದು ಕತ್ತಲಲ್ಲಿ ಮುಂದಕ್ಕೆ ತೆವಳುತ್ತಿದೆ.

1824ರಲ್ಲಿ ಚಿಕಿತ್ಸೆಯ ನೆಪದಿಂದ ಅರಸನ ಅನುಮತಿ ಪಡೆದು ಫ್ರಾನ್ಸಿಗೆ ತೆರಳಿದ ಗೋಯಾ 1828ರಲ್ಲಿ ಬೋರ್ಡೋ ನಗರದಲ್ಲಿ ತೀರಿಕೊಂಡ. ಗೋಡೆಯ ಚಿತ್ರಗಳನ್ನು 1874ರಿಂದ ಬಟ್ಟೆಗೆ ವರ್ಗಾಯಿಸಲಾಯಿತು. ಆ ಕಾರ್ಯದಲ್ಲಿ ಅವು ಸಾಕಷ್ಟು ಹಾನಿಗೊಂಡವು. ಉಳಿದಷ್ಟು ಮ್ಯಾಡ್ರಿಡ್‌ನ ಪ್ರಾಡೊ ವಸ್ತುಸಂಗ್ರಹಾಲಯದಲ್ಲಿದೆ.