ಹುಯಿಲಗೋಳ ನಾರಾಯಣರಾಯರ ಪಾಠವನ್ನು ಎರಡನೆಯ ಸಲ ಮಾಡಿದಾಗ

ಬೋಧನಾಭ್ಯಾಸಕ್ಕೆಂದು ನಾನು ಸಿಂಧನೂರಿನಿಂದ ದಿನವೂ ಮಸ್ಕಿಗೆ ಹೋಗಿಬರುತ್ತಿದ್ದೆ. ಎಂಟನೆಯ ತರಗತಿಗೆ ಆರಿಸಿಕೊಂಡ ಪಾಠ ಹುಯಿಲಗೋಳ ನಾರಾಯಣರಾಯರ ಜೀವನ. ಏಕೀಕರಣದ ಕಾಲದಲ್ಲಿ ನಾಡಗೀತೆಯಂತೆ ಹಾಡುತ್ತಿದ್ದ ಉದಯವಾಗಲಿ ಗೀತೆಯನ್ನು ಬರೆದವರು ಅವರು.

ಮೊದಲ ದಿನ ಪಾಠಯೋಜನೆಯಂತೆಯೇ ನಡೆದೆ. ರಾಯರು 1884ರಲ್ಲಿ ಗದಗಿನಲ್ಲಿ ಹುಟ್ಟಿದ್ದು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ್ದು, ಕೆಲಕಾಲ ಶಿಕ್ಷಕರಾಗಿದ್ದು, ಕಾನೂನು ಓದಿ ಗದಗಿನಲ್ಲಿ ವಕೀಲಿ ಮಾಡಿದ್ದು, ನಾಟಕಗಳನ್ನು ಬರೆದದ್ದು, ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಅವರ ಗೀತೆ ಹಾಡಿದ್ದು, ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆದೆ. ಮಕ್ಕಳು ಬರೆದುಕೊಂಡರು. ಮೌಲ್ಯಮಾಪನದ ಪ್ರಶ್ನೆಗಳಿಗೂ ಸರಿಯಾಗಿ ಉತ್ತರಿಸಿದರು.

ಗಂಟೆ ಹೊಡೆಯುವ ಮೊದಲು ಒಬ್ಬ ಹುಡುಗಿ ಎದ್ದು, ಬೆಳಗಾವಿಯಲ್ಲಿ ಆ ಹಾಡು ಹಾಡಿದಾಗ ನಮ್ಮ ಮಸ್ಕಿ ಆ ನಾಡಿನೊಳಗೆ ಇತ್ತೇ ಎಂದು ಕೇಳಿದಳು. ನನ್ನ ಯೋಜನೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾಳೆ ಹೇಳುವೆನೆಂದು ಕುಳ್ಳಿರಿಸಿದೆ. ಲಿಂಗಸುಗೂರಿನಿಂದ ಬಂದಿದ್ದ ನಮ್ಮ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಆ ಪ್ರಶ್ನೆಯನ್ನೇ ಬರೆದು ಕೆಳಗೆ ಗೆರೆ ಎಳೆದಿದ್ದರು.

ಮರುದಿನ ನಕ್ಷೆ ತೂಗುಹಾಕಿದೆ. 1924ರಲ್ಲಿ ಗದಗ, ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮಸ್ಕಿ, ಲಿಂಗಸುಗೂರು, ಸಿಂಧನೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಮೈಸೂರು, ಕೊಡಗು, ಮಂಗಳೂರು ಬೇರೆ ಬೇರೆ ಆಡಳಿತಗಳಲ್ಲಿದ್ದವು. ರಾಯರು ಹಾಡಿದ ನಾಡು ಆಗ ಯಾವ ನಕ್ಷೆಯಲ್ಲೂ ಇರಲಿಲ್ಲ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ನಮ್ಮ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಆಗ ರಾಯರಿಗೆ 72 ವರ್ಷ. ಹಾಡು ಹಾಡಿ 32 ವರ್ಷ ಕಳೆದಿತ್ತು. 1971ರಲ್ಲಿ ಅವರು ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ನಾಡು ಒಂದಾದದ್ದನ್ನು ಕಂಡರು, ಅದಕ್ಕೆ ಹೆಸರಿಟ್ಟದ್ದನ್ನು ಕಾಣಲಿಲ್ಲ.

ಬೇರೆ ದೇಶಗಳಲ್ಲೂ ಹೀಗಾಗಿದೆಯೇ ಎಂದು ಒಬ್ಬ ಕೇಳಿದ. ಈ ಸಲ ಸಿದ್ಧನಾಗಿದ್ದೆ. ಪ್ಯಾಲೆಸ್ಟೈನಿನ ನಾಬ್ಲುಸ್ ಪಟ್ಟಣದ ಇಬ್ರಾಹಿಂ ತೂಖಾನ್ ಕೂಡ ಶಿಕ್ಷಕರೇ. ತಾಯ್ನಾಡನ್ನು ಕುರಿತು ಅರಬ್ಬಿಯಲ್ಲಿ ಅವರು ಬರೆದ ಗೀತೆ 2004ರಲ್ಲಿ ಇರಾಕಿನ ರಾಷ್ಟ್ರಗೀತೆಯಾಯಿತು. ಅವರು 1941ರಲ್ಲೇ ತೀರಿಹೋಗಿದ್ದರು.

ಅಂದು ಕೊನೆಯಲ್ಲಿ ಮಕ್ಕಳು ಹಾಡನ್ನು ಹಾಡಿದರು. ಪ್ರಶ್ನೆ ಕೇಳಿದ್ದ ಹುಡುಗಿ ನಕ್ಷೆಯ ಬಳಿ ಬಂದು ಮಸ್ಕಿಯ ಮೇಲೆ ಬೆರಳಿಟ್ಟು ನೋಡಿ ಹೋದಳು. ಜೀವನಚರಿತ್ರೆಯ ಪಾಠಕ್ಕೆ ಇಸವಿಗಳ ಪಟ್ಟಿಯ ಜೊತೆಗೆ ನಕ್ಷೆಯೂ ಬೇಕು. ಮಗುವಿನ ಊರು ಅದರಲ್ಲಿ ಎಲ್ಲಿತ್ತೆಂದು ಮೊದಲೇ ನೋಡಿಕೊಂಡು ಹೋಗಬೇಕೆಂದು ನನ್ನ ಮುಂದಿನ ಯೋಜನೆಯಲ್ಲಿ ಬರೆದುಕೊಂಡಿದ್ದೇನೆ.